ಕೌದಿಯ ಹೊಟ್ಟೆಗೆ ಒಂದು ಚೂರು ಹೋಳಿಗೆ

"ಆ ಕತ್ತರಿ ಕೆಳಗಿಡ್ರಿ!"

ಬಾಗಿಲಲ್ಲಿ ನಿಂತು ಸಪ್ನಾ ಕೂಗಿದ ಕೂಗಿಗೆ ಒಳಗಿದ್ದವನು ಬೆಚ್ಚಿಬಿದ್ದ. ಮಂಚದ ಪಕ್ಕ ಮಂಡಿಯೂರಿ ಕುಳಿತಿದ್ದ ಅವನ ಎಡಗೈಯಲ್ಲಿ ಅವಳು ಹೊಲಿದ ಕೌದಿಯ ಮೂಲೆ. ಬಲಗೈಯಲ್ಲಿ ಬಳ್ಳಿ ಕತ್ತರಿಸುವ ದೊಡ್ಡ ಕತ್ತರಿ!

"ಯಾರ್ರಿ ನೀವು? ಗೆಸ್ಟ್ ಇರೋ ಕಾಟೇಜಿಗೆ ಹಿಂಗ ನುಗ್ಗತಾರೇನ್ರಿ?"

"ನಾನಾ? ಈ ಕೌದಿ ಹೊಲದಾಕಿ. ನೀವ್ಯಾರು, ಇದನ್ನ ಕತ್ತರಸಾಕ?"

"ನಾ ಇಲ್ಲಿ ಮ್ಯಾನೇಜರ್. ಮಹಾದೇವ ಅಂತ. ಹೊಸದಾಗಿ ಬಂದೇನಿ." ಅವನು ಕತ್ತರಿ ಕೆಳಗಿಡಲಿಲ್ಲ. "ಬೈಯೋಕಿಂತ ಮೊದಲ ಇಲ್ಲಿ ಬಂದು ನೋಡ್ರಿ. ನಿಮ್ಮ ಕೌದಿ ಏನ್ ಮಾಡೇತಿ ಅಂತ."

ಸಪ್ನಾ ಹತ್ತಿರ ಹೋಗಿ ನೋಡಿದಳು.

ಕಿಟಕಿಯಿಂದ ಇಳಿದು, ಮಣ್ಣಿನ ಗೋಡೆ ಹಿಡಿದು, ನೆಲ ದಾಟಿ, ಮಂಚದ ಕಾಲು ಹತ್ತಿ... ಇರುವೆಗಳ ಸಾಲು. ಸಾಲು ಹೋಗಿ ಸೇರುತ್ತಿದ್ದುದು ಸೀದಾ ಕೌದಿಯ ಮೂಲೆಗೆ.

"ಮುಂಬೈಯಿಂದ ಬಂದ ಮೇಡಮ್ ಮುಂಜಾನೆ ಎದ್ದು ಇಡೀ ಅಂಗಳ ತುಂಬ ಕುಣದಾಡ್ಯಾರ. ಔಷಧ ಹೊಡೀಬೇಕಂದ್ರ ಹೊಡ್ಯಾಂಗಿಲ್ಲ. ಇಲ್ಲಿ ವಿಷ ಒಂದ ಹನಿ ನಡ್ಯಾಂಗಿಲ್ಲ. ಇರವಿಗೂ ಇಲ್ಲಿ ಗೆಸ್ಟಿನಷ್ಟ ಮರ್ಯಾದಿ! ಹೇಳ್ರಿ, ಏನ್ ಇಟ್ಟೀರಿ ಇದರಾಗ?"

ಸಪ್ನಾ ನೆಲ ನೋಡಿದಳು. "ಹೋಳಿಗಿ."

"ಏನು?"

"ಹೋಳಿಗಿರಿ... ಕಡ್ಲಿಬ್ಯಾಳಿ ಹೋಳಿಗಿ. ಒಂದ ಚೂರು."

ಮಹಾದೇವನ ಮುಖ ಇಂಗು ತಿಂದ ಮಂಗನಂತಾಯಿತು. ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ.

ಪಾಪ, ಅವನಿಗೇನು ಗೊತ್ತು! ಹಳೆಯ ಸೀರೆ, ಧೋತರ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿಗೆ ಆ ಸೀಮೆಯ ಹೆಂಗಸರು ಕೊನೆಯ ಹೊಲಿಗೆ ಹಾಕುವ ಮುಂಚೆ ಅದರ ಹೊಟ್ಟೆಗೆ ಒಂದು ತುತ್ತು ಇಡುತ್ತಾರೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂಬ ನಂಬಿಕೆ. ಸಾಮಾನ್ಯವಾಗಿ ಇಡುವುದು ಒಣ ರೊಟ್ಟಿಯ ಚೂರು. ಆದರೆ ಇವು ದೊಡ್ಡ ಮಂದಿ ಹೊದ್ದುಕೊಳ್ಳುವ ಕೌದಿಗಳಲ್ಲವೇ? ಅವರಿಗೆ ಒಣ ರೊಟ್ಟಿ ಇಡುವುದು ಚೆಂದವೇ? ಹಾಗಂತ ಸಪ್ನಾಳೇ ಮುಂದೆ ನಿಂತು, ಇಪ್ಪತ್ತನಾಲ್ಕು ಕೌದಿಗೂ ಬೆಲ್ಲದ ಹೋಳಿಗೆ ಇಡಿಸಿದ್ದಳು.

ಪ್ರೀತಿ ಹೆಚ್ಚಾದರೂ ಕಷ್ಟವೇ ನೋಡಿ!

ಸಪ್ನಾ ಇದನ್ನೆಲ್ಲ ಹೇಳಿದ ಮೇಲೆ ಅವನು ನಕ್ಕೇಬಿಟ್ಟ. ಆದರೆ ಅವಳ ಕಣ್ಣು ತುಂಬಿದ್ದು ಕಂಡ ಕೂಡಲೇ ನಗು ನಿಂತಿತು.

"ನಮ್ಮವ್ವನ ಅವ್ವ, ಆಯಿ ತಂಗೆವ್ವ, ಕೌದಿ ಮುಗಿಸೋ ದಿನ ನನ್ನ ಕೈಯಾಗ ಒಂದ ಚೂರು ರೊಟ್ಟಿ ಕೊಡತಿದ್ಲು," ಎಂದ ಮೆಲ್ಲಗೆ. "ಇನ್ನೊಂದ ಚೂರು ಯಾರಿಗಂತ ನಾ ಎಂದೂ ಕೇಳಿರಲಿಲ್ಲ."

ಕತ್ತರಿಯನ್ನು ಕಿಟಕಿಯ ಮೇಲಿಟ್ಟ.

ನವಿಲುತೀರ್ಥದ ಹಿನ್ನೀರಿನ ದಂಡೆಗೆ ಆ ರಿಸಾರ್ಟ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಣ್ಣಿನ ಗೋಡೆಯ ಹನ್ನೆರಡು ಕಾಟೇಜು. ಎಸಿ ಇಲ್ಲ, ಪ್ಲಾಸ್ಟಿಕ್ ಬಾಟಲಿ ಇಲ್ಲ. ಬಿಸಿನೀರು ಸೂರ್ಯನದು, ಸ್ನಾನದ ನೀರು ಬಾಳೆಗಿಡಕ್ಕೆ. ಊರಲ್ಲಿ ಬಡವರು ಇರುವ ಹಾಗೆಯೇ ಇಲ್ಲಿ ಶ್ರೀಮಂತರು ಇರುತ್ತಾರೆ ಎಂದು ಸಪ್ನಾಳ ಜೊತೆ ಕೌದಿ ಹೊಲಿಯುವ ಕಾಡವ್ವ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು. ನಕ್ಕರೂ ಕಾಡವ್ವ, ಸಪ್ನಾ ಮತ್ತು ಅವರ ಕೇರಿಯ ಹನ್ನೊಂದು ಹೆಂಗಸರಿಗೆ ಆ ರಿಸಾರ್ಟೇ ದಿಕ್ಕು. ಈ ಕೌದಿಗಳು ಮಂದಿಗೆ ಹಿಡಿಸಿದರೆ ಕಂಪನಿಯ ಉಳಿದ ರಿಸಾರ್ಟುಗಳಿಗೂ ಇವರೇ ಹೊಲಿಯಬೇಕೆಂಬ ಮಾತಾಗಿತ್ತು. ಹಾಗಾದರೆ ಮತ್ತೊಬ್ಬರ ಹೊಲದಲ್ಲಿ ಕಳೆ ಕೀಳುವ ಬಾಳು ತಪ್ಪುತ್ತಿತ್ತು.

"ಒಂಬತ್ತ ದಿನಕ್ಕ ಹಸಿರು ಸರ್ಟಿಫಿಕೇಟ್ ಕೊಡೋ ಮಂದಿ ಬರತಾರ," ಎಂದ ಮಹಾದೇವ. "ಅಷ್ಟರಾಗ ಹೋಳಿಗಿ ಹೊರಗ ಬರಬೇಕು. ಇಲ್ಲಂದ್ರ ಕೌದಿನ ಹೊರಗ ಹೋಗತಾವ."

"ಇಟ್ಟ ತುತ್ತು ಹೊರಗ ತಗ್ಯಾಕ ಬರಂಗಿಲ್ರಿ. ಬಾಯಾಗಿಂದ ಕಸಕೊಂಡಂಗ ಅದು!"

"ಮತ್ತ ಏನ್ ಮಾಡೂಣು?"

'ನನ್ನ ಕೈಯಾರೆ ನಾನೇ ಎಲ್ಲರ ಅನ್ನಕ್ಕೆ ಮಣ್ಣು ಹಾಕಿದೆನಲ್ಲಾ...' ಎಂದು ದಾರಿಯುದ್ದಕ್ಕೂ ಅಳುತ್ತ ಮನೆಗೆ ಹೋದಳು.

ಉತ್ತರ ಸಿಕ್ಕಿದ್ದು ಅವ್ವನ ಹತ್ತಿರ. ಸೀತವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿ ಪೋಣಿಸಲು ಆಗುತ್ತಿರಲಿಲ್ಲ, ಆದರೆ ಬೆರಳಿನಿಂದಲೇ ಹೊಲಿಗೆಯ ಸಾಲು ನೋಡುತ್ತಿದ್ದಳು.

"ತುತ್ತು ತಗದವರು ತುತ್ತು ಇಡಬೇಕವಾ," ಎಂದಳು ಸೀತವ್ವ. "ತಗಿ ಅನ್ನಾವ್ರು ಯಾರು? ಸಾಹೇಬ್ರು. ಹಂಗಾರ ಅವರ ಮನಿ ರೊಟ್ಟಿ ಇಡಲಿ. ಹೋಳಿಗಿ ಚೆಲ್ಲಬ್ಯಾಡ್ರಿ, ಬೇವಿನ ಗಿಡದ ಬುಡಕ ಇರವಿಗೇ ಹಾಕ್ರಿ. ಅವೂ ಹಸದ ಬಂದಾವ."

ಕಾಡವ್ವ ಹೌಹಾರಿದಳು. "ಮ್ಯಾನೇಜರ್ ಸಾಹೇಬ್ರು ಸಂಪಗಾಂವ್ ನಿಜಗುಣಪ್ಪ ಗೌಡ್ರ ಮಗ. ಆ ಮನಿ ರೊಟ್ಟಿ ನಮ್ಮ ಕೇರಿ ಕೌದ್ಯಾಗ? ಅವರಪ್ಪಗ ಗೊತ್ತಾದ್ರ ಮಗನ್ನ ಮನ್ಯಾಗ ಇಟ್ಟಗೋತಾರೇನು!"

ಮಹಾದೇವ ಮಾತ್ರ ಒಂದೇ ಮಾತಿಗೆ ಒಪ್ಪಿದ. ಪ್ರತಿ ಭಾನುವಾರ ಊರಿಗೆ ಹೋದಾಗ ಅವನ ತಾಯಿ ಅನ್ನಪೂರ್ಣಾ ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಅವನ್ನೇ ಎತ್ತಿಕೊಂಡು ಮರುದಿನ ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಬಂದು ಕುಳಿತ.

ಹೀಗೆ ಶುರುವಾಯಿತು ನೋಡಿ... ಯಾರೂ ಕೇಳದ, ಯಾರೂ ಕರೆಯದ ಒಂದು ಪ್ರೀತಿ!

ಅವನು ಹೊಲಿಗೆ ಬಿಚ್ಚಿ ಹೋಳಿಗೆಯ ಚೂರು ತೆಗೆಯುತ್ತಿದ್ದ. ರೊಟ್ಟಿ ಮುರಿದು ಅವಳ ಅಂಗೈಗೆ ಕೊಡುತ್ತಿದ್ದ. ಅವಳು ಅದನ್ನು ಕೌದಿಯ ಹೊಟ್ಟೆಗಿಟ್ಟು ಹೊಲಿದು ಮುಚ್ಚುತ್ತಿದ್ದಳು. ಸೀತವ್ವನ ಸೂಜಿಗೆ ದಾರ ಪೋಣಿಸುವ ಕೆಲಸವೂ ಅವನದೇ ಆಯಿತು. ಮೊದಲ ದಿನ ದಾರವನ್ನು ಹತ್ತು ಸಲ ಎಂಜಲು ಮಾಡಿದರೂ ಸೂಜಿಗಣ್ಣು ಸಿಗಲಿಲ್ಲ.

"ಮ್ಯಾನೇಜರ್ ಸಾಹೇಬ್ರ, ಕಣ್ಣಿಗೆ ಪೊರಿ ಬಂದಿದ್ದು ನಮ್ಮವ್ವಗೋ ನಿಮಗೋ?"

"ಎದುರಿಗೆ ಕುಂತೋರು ಹಿಂಗ ನೋಡಕೋತ ಕುಂತ್ರ ಕೈ ನಡಗಂಗಿಲ್ಲೇನ್ರಿ?"

ಸಪ್ನಾ ತಟ್ಟನೆ ತಲೆ ತಗ್ಗಿಸಿದಳು. ಆ ಮಧ್ಯಾಹ್ನ ಅವಳ ಸೂಜಿ ಎರಡು ಸಲ ಬೆರಳಿಗೇ ಚುಚ್ಚಿತು.

ಮೂರನೇ ದಿನ ಸೀತವ್ವ ಶೇಂಗಾ ಚಟ್ನಿ ತಂದಿದ್ದಳು. "ತಿಂತೀರೇನ್ರಿ ಸಾಹೇಬ್ರ? ನಮ್ಮ ಮನೀದು..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಅವನು ರೊಟ್ಟಿ ಮುಂದೆ ಚಾಚಿದ. ಚಟ್ನಿ ಹಚ್ಚಿಕೊಂಡು ತಿಂದ, ಮತ್ತೊಮ್ಮೆ ಹಾಕಿಸಿಕೊಂಡ. ಹೆಂಗಸರೆಲ್ಲ ಹೊಲಿಗೆ ಬಿಟ್ಟು ಅವನನ್ನೇ ನೋಡಿದರು. ಸಪ್ನಾ ಮಾತ್ರ ನೋಡಲಿಲ್ಲ. ನೋಡಿದರೆ ಅತ್ತುಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

'ಬ್ಯಾಡ ಸಪ್ನಾ... ಇದು ನಿನಗಲ್ಲ,' ಎಂದು ದಿನಾ ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ!

ಎಂಟನೇ ದಿನಕ್ಕೆ ಇಪ್ಪತ್ಮೂರು ಕೌದಿ ಮುಗಿದಿದ್ದವು. ಕೊನೆಯದರ ನಟ್ಟನಡುವೆ ಒಂದು ಖಾಕಿ ತುಂಡು, ಅದರಲ್ಲಿ ಜೇಬು ಹಾಗೇ ಇತ್ತು.

"ಇದು ಯಾರದ್ರಿ?"

"ನಮ್ಮಪ್ಪಂದು. ಲಗಮಣ್ಣ ಅಂತ. ಕಾಲುವಿಗೆ ನೀರ ಬಿಡೋ ಕೆಲಸ ಮಾಡತಿದ್ದ. ತೀರಿಕೊಂಡು ಆರ ವರ್ಷ ಆತು. ಅರಿವಿ ಕಮ್ಮಿ ಬಿದ್ದಿತ್ತು, ಅದಕ್ಕ ಹಾಕಿದೆ. ಅಪ್ಪನ ಅಂಗಿ ದೊಡ್ಡ ಮಂದಿ ಮಂಚದ ಮ್ಯಾಲೆ ಮಲಗತೈತಿ ಅಂತ ಖುಷಿನೂ ಆತು."

ಮಹಾದೇವ ಆ ಜೇಬಿನ ಮೇಲೆ ಕೈಯಿಟ್ಟ. ಆಮೇಲೆ ಮೂಲೆಯ ಹೊಲಿಗೆ ಬಿಚ್ಚಿ, ಹೋಳಿಗೆಯ ಚೂರು ತೆಗೆದ. ರೊಟ್ಟಿ ಮುರಿಯದೆ ಅವಳನ್ನೇ ನೋಡಿದ.

"ಸಪ್ನಾ, ನಿಮಗೊಂದು ಮಾತ ಹೇಳಬೇಕು..."

ಅವಳ ಕೈಯಲ್ಲಿದ್ದ ಸೂಜಿ ನಿಂತಿತು. ಅದೇ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು. ಹೆಡ್ ಆಫೀಸು!

"ಈಗ ಬಂದೆ," ಎಂದು ಎದ್ದು ಹೋದ ಅವನು ಆ ಮಧ್ಯಾಹ್ನ ತಿರುಗಿ ಬರಲಿಲ್ಲ. ತೆರೆದ ಹೊಟ್ಟೆಯ ಕೌದಿಯನ್ನು ಅಲ್ಲೇ ಮಡಿಸಿಟ್ಟು ಸಪ್ನಾ ಮನೆಗೆ ಹೋದಳು. ನಾಳೆ ಹೇಳುತ್ತಾನೆ ಎಂಬ ನಂಬಿಕೆಯಿಂದಲೇ ಹೋದಳು.

ಮರುದಿನ ಬೆಳಿಗ್ಗೆ ರಿಸಾರ್ಟಿನ ಗೇಟಿನ ಮುಂದೆ ಟೆಂಪೋ ನಿಂತಿತ್ತು. ಅದರೊಳಗೆ ಅಡ್ಡಾದಿಡ್ಡಿ ಎಸೆದಿದ್ದ ರಾಶಿ... ಅವರ ಕೌದಿಗಳು!

ಕಾಟೇಜುಗಳಿಗೆ ಹೊಸ ಬಿಳಿ ರಜಾಯಿಗಳು ಹೋಗುತ್ತಿದ್ದವು. ಒಂದೊಂದಕ್ಕೂ ದಪ್ಪ ಪ್ಲಾಸ್ಟಿಕ್ ಚೀಲ. ಹಸಿರು ರಿಸಾರ್ಟಿನ ಚೆಂದ ನೋಡಿ!

ಟೆಂಪೋದವನು ಸಪ್ನಾಳ ಕೈಗೆ ಒಂದು ಕಾಗದ ಕೊಟ್ಟ. ಅಚ್ಚು ಹಾಕಿದ್ದ ಸಾಲು ಒಂದೇ. 'ಸ್ವಚ್ಛತೆ ಇಲ್ಲದ ಕಾರಣ ವಾಪಸ್.' ಕೆಳಗೆ ಮಹಾದೇವನ ಸಹಿ.

ಅವಳು ಮೂರು ಸಲ ಓದಿದಳು. ಆ ಮಾತು ಅವಳ ಕೇರಿಗೆ ಹೊಸದಲ್ಲ. ಅವಳ ಅಜ್ಜಿ ಕೇಳಿದ್ದಳು, ಅವ್ವ ಕೇಳಿದ್ದಳು. ಆದರೆ ಈ ಸಹಿ... ಈ ಕೈ! ಇದೇ ಕೈ ಅಲ್ಲವೇ ರೊಟ್ಟಿ ಮುರಿದು ಕೊಟ್ಟದ್ದು?

ಮಹಾದೇವ ಆಫೀಸಿನಿಂದ ಓಡಿ ಬಂದ. ಕಣ್ಣು ಕೆಂಪಗಾಗಿದ್ದವು.

"ಸಪ್ನಾ, ಆ ಮೇಡಮ್ ಇರವಿ ಫೋಟೋ ಹಾಕಿಬಿಟ್ಟಾರ, ಎಲ್ಲಾ ಕಡೆ ಹಬ್ಬೇತಿ. ಮ್ಯಾಲಿನವರು ಒಂದ ಮಾತೂ ಕೇಳವಲ್ರು. ನನ್ನ ಕೈಯಾಗ ಏನೂ ಇಲ್ಲ..."

"ಸಹಿ ನಿಮ್ಮ ಕೈಯಾಗ ಇತ್ತಲ್ರಿ."

ಅವನಿಗೆ ಹೇಳುವುದಕ್ಕೆ ಏನೋ ಇತ್ತು, ಆದರೆ ಹೇಳಲಿಲ್ಲ.

"ಹೊಲಸು ಅಂತ ನಿಮಗ ಅನಸಿದ್ರ ಮೊದಲನೇ ದಿನಾನ ಕತ್ತರಸಬೇಕಿತ್ತು. ನಾ ಯಾಕ ತಡದೆ?" ಟೆಂಪೋದತ್ತ ಕೈ ತೋರಿಸಿದಳು. "ನಿಮ್ಮ ಮನಿ ರೊಟ್ಟಿ ಇಪ್ಪತ್ಮೂರು ಕೌದ್ಯಾಗ ಐತ್ರಿ ಸಾಹೇಬ್ರ. ಅದೂ ಹೊಲಸಾತೇನು?"

ಟೆಂಪೋ ಹತ್ತಿ ಕೌದಿಗಳ ಮೇಲೇ ಕುಳಿತಳು. ಅವನು ಗೇಟಿನಲ್ಲೇ ನಿಂತಿದ್ದ. ತಿರುಗಿ ನೋಡಬಾರದೆಂದುಕೊಂಡಳು. ಆದರೂ ನೋಡಿದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಒಂದು ಚೂರು ಹೋಳಿಗೆಗೆ ಹೋಗಿತ್ತು. ಹೆಂಗಸರು ಸಪ್ನಾಳಿಗೆ ಏನೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಂಡು ಮತ್ತೆ ಕಳೆ ಕೀಳಲು ಹೋದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕೌದಿಗಳನ್ನು ಒಟ್ಟಿದಾಗ ಇದ್ದದ್ದು ಇಪ್ಪತ್ಮೂರೇ. ಅಪ್ಪನ ಖಾಕಿ ಜೇಬಿನ ಕೌದಿ ಇರಲಿಲ್ಲ.

"ಅಪ್ಪನ ಅಂಗಿನೂ ಹೋತವ್ವಾ..." ಎಂದು ಅವಳು ಅವ್ವನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಸೀತವ್ವ ಮಗಳ ತಲೆ ಸವರುತ್ತ ಕುಳಿತಳು.

ಮಹಾದೇವನ ಫೋನು ದಿನಾ ಬರುತ್ತಿತ್ತು. ಅವಳು ಎತ್ತಲಿಲ್ಲ. ಹದಿನೈದು ದಿನಕ್ಕೆ ಅದೂ ನಿಂತಿತು. ಎತ್ತದಿದ್ದಾಗ ಇದ್ದ ಸಿಟ್ಟು, ಬರದೇ ಹೋದಾಗ ಉಸಿರುಗಟ್ಟಿಸುವ ಸಂಕಟವಾಯಿತು. ಹೆಣ್ಣಿನ ಮನಸ್ಸಿನ ಈ ಗೋಳು ಯಾರಿಗೆ ಹೇಳುವುದು?

ಒಂದು ತಿಂಗಳ ಮೇಲೆ ಅವ್ವನ ಕಣ್ಣು ತೋರಿಸಲು ಸವದತ್ತಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ರಿಸಾರ್ಟಿನ ವಾಚಮನ್ ಲಕ್ಕಪ್ಪ ಸಿಕ್ಕ.

"ಮಹಾದೇವ ಸಾಹೇಬ್ರದ್ದು ಗೊತ್ತಾತಿಲ್ಲೇನು ತಂಗಿ? ಕೆಲಸದಿಂದ ತಗದ್ರು."

"ಯಾಕ?" ಎಂದಳು.

"ನಿಮ್ಮ ಕೌದಿ ಎಲ್ಲಾ ಚೂರ ಮಾಡಿ ಗೊಬ್ಬರದ ಗುಂಡಿಗೆ ಹಾಕ್ರಿ ಅಂತ ಮ್ಯಾಲಿಂದ ಹುಕುಂ ಬಂದಿತ್ತು. ಈ ಮನಷ್ಯಾ ಏನ್ ಮಾಡಿದಾ, ಕೌದಿ ಮ್ಯಾಲೆ ಹೋಗಿ ಕುಂತಾ. ಮೊದಲ ನನ್ನ ಗೊಬ್ಬರ ಮಾಡ್ರಿ ಅಂದಾ! ಹಂಗಾರ ವಾಪಸ್ ಕಾಗದಕ್ಕ ಸಹಿ ಮಾಡು, ಕೌದಿ ಬಿಡತೇವಿ ಅಂದ್ರು. ಮಾಡಿದಾ."

ಸಪ್ನಾ ಅವ್ವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಆಮ್ಯಾಲೆ ಸುಮ್ಮ ಇರಬೇಕಿಲ್ಲೋ? ಆ 'ಸ್ವಚ್ಛತೆ ಇಲ್ಲ' ಅನ್ನೋ ಮಾತು ತಗೀರಿ, ಅದು ಹೊಲಸಲ್ಲ, ಹೋಳಿಗಿ ಅಂತ ವಾರಕ್ಕೊಂದು ಪತ್ರ ಬರದಾ. ಅವರು ಮಾತು ತಗೀಲಿಲ್ಲ, ಅವನ್ನ ತಗದ್ರು."

ಬೈಲಹೊಂಗಲದ ಬಸ್ಸು ಬಂದು ನಿಂತಿತು. ಅದನ್ನು ಹತ್ತಿದರೆ ಸಂಪಗಾಂವದ ಹಾದಿ. ಸಪ್ನಾ ಎರಡು ಹೆಜ್ಜೆ ಮುಂದಿಟ್ಟಳು. ಆಮೇಲೆ ನಿಂತಳು. ಹೋಗಿ ಏನೆಂದು ಕೇಳುವುದು? ನಿಜಗುಣಪ್ಪ ಗೌಡರ ಬಾಗಿಲಲ್ಲಿ ಯಾರೆಂದು ಹೇಳಿಕೊಳ್ಳುವುದು? ಕೌದಿ ಹೊಲಿಯುವವಳು ಎಂದೇ?

ಬಸ್ಸು ಹೊರಟುಹೋಯಿತು. ಅವಳು ಅಲ್ಲೇ ನಿಂತಿದ್ದಳು.

"ಹತ್ತಬೇಕಿತ್ತವಾ," ಎಂದಳು ಸೀತವ್ವ, ಕಾಣದ ಕಣ್ಣನ್ನು ಬಸ್ಸಿನ ಸದ್ದಿನ ಕಡೆ ತಿರುಗಿಸಿ.

"ಹೆಂಗ ಹತ್ತಲಿ ಯವ್ವಾ... ಹೆಂಗ ಹತ್ತಲಿ?"

ಆ ಸಂಜೆ ಧೈರ್ಯ ಮಾಡಿ ಫೋನು ಹಚ್ಚಿದಳು. ಸ್ವಿಚ್ಡ್ ಆಫ್. ಮರುದಿನವೂ ಅಷ್ಟೇ.

ಅದರ ಮುಂದಿನ ಭಾನುವಾರ, ಮಟಮಟ ಮಧ್ಯಾಹ್ನ. ಸಪ್ನಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದ ಮೇಲೆ ನೆರಳು ಬಿತ್ತು.

ಮಹಾದೇವ!

ಗಡ್ಡ ಬೆಳೆದಿತ್ತು, ಕಣ್ಣಿನ ಸುತ್ತ ಕಪ್ಪು. ಬಗಲಲ್ಲಿ ಅಪ್ಪನ ಖಾಕಿ ಜೇಬಿನ ಕೌದಿ, ಕೈಯಲ್ಲಿ ಒಂದು ಗಂಟು.

"ಇದು ನಿಮ್ಮದು," ಎಂದ. "ಕೊಡಬೇಕಂತ ಇಟಗೊಂಡಿದ್ದೆ. ಇಟಗೊಂಡ ಮ್ಯಾಲೆ ಕೊಡಾಕ ಮನಸ ಆಗಲಿಲ್ಲ."

ಸಪ್ನಾ ಮೊರ ಕೆಳಗಿಟ್ಟಳು. ಏನೆಲ್ಲ ಹೇಳಬೇಕೆಂದು ಅಂದುಕೊಂಡಿದ್ದಳು! ಬಾಯಿಗೆ ಬಂದದ್ದು ಒಂದೇ ಮಾತು.

"ಎಷ್ಟ ಸೊರಗೀರಿ..."

"ನಿದ್ದಿ ಇಲ್ರಿ. ತಿಂಗಳ ಮ್ಯಾಲಾತು, ಇದನ್ನ ಹೊದ್ದು ಮಲಗತೇನಿ, ಕಣ್ಣಿಗೆ ಕಣ್ಣು ಹತ್ತವಲ್ದು. ನೀವ ಹೇಳಿದ್ರಲ್ಲ..." ಅವನು ಕೌದಿಯ ಮೂಲೆ ತೋರಿಸಿದ. ಅಂದು ಅವನೇ ಬಿಚ್ಚಿದ ಹೊಟ್ಟೆ ಇನ್ನೂ ತೆರೆದೇ ಇತ್ತು. "ಇದು ಹಸದೈತಿ. ನನ್ನ ಕೈಲೇ ಮುಚ್ಚಾಕ ಬರಲಿಲ್ಲ."

"ಗೊಬ್ಬರದ ಗುಂಡಿ ಮಾತು ಅವತ್ತ ಯಾಕ ಹೇಳಲಿಲ್ಲ?" ಅವಳ ಕಣ್ಣಿಂದ ನೀರು ಇಳಿಯತೊಡಗಿತು. "ನಾ ಎಷ್ಟ ಬೈದೆ ನಿಮಗ!"

"ಕೌದಿ ಉಳಿಸಿದೆ ಅಂತ ಹೇಳಿಕೊಂಡು ಆ ಸಹಿ ತೊಳಿಯಾಕ ಆಗತೈತೇನ್ರಿ? ಓದಿ ನೋಡಿನ ಮಾಡೇನಿ. ತಪ್ಪು ತಪ್ಪ." ಅವನು ತಲೆ ತಗ್ಗಿಸಿದ. "ನಿಮಗ ಕೆಲಸ ತಿರುಗಿ ಕೊಡಸಾಕ ನನ್ನ ಕೈಲೆ ಆಗಂಗಿಲ್ಲ. ನನಗ ಕೆಲಸಿಲ್ಲ. ಮನ್ಯಾಗ ನಿಮ್ಮ ಹೆಸರು ಹೇಳಿದೆ. ಅಪ್ಪ ನನ್ನ ಫೋನು ನೆಲಕ್ಕ ಒಗದು ಒಡದಾ. ಅವತ್ತಿಂದ ಮಾತಿಲ್ಲ. ಮುಂದ ಮಾತಾಡತಾನೋ ಇಲ್ಲೋ, ಅದೂ ಗೊತ್ತಿಲ್ಲ. ಬರಿಗೈಲೆ ಬಂದೇನಿ ಸಪ್ನಾ. ಏನೂ ಇಲ್ಲ ನನ್ನ ಹಂತ್ಯಾಕ. ಆದ್ರ ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು... ಇಷ್ಟ ಹೇಳಬೇಕಿತ್ತು ಅವತ್ತ."

ಮುಂದೆ ಏನಾಗುತ್ತದೋ ಸಪ್ನಾಳಿಗೂ ಗೊತ್ತಿರಲಿಲ್ಲ. ಅವನ ಊರು ಒಪ್ಪುವುದಿಲ್ಲ, ತಮ್ಮ ಕೇರಿ ಹೆದರುತ್ತದೆ. ಹೆಂಗಸರು ನಾಳೆಯೂ ಕಳೆಗೆ ಹೋಗಬೇಕು. ಯಾವುದನ್ನೂ ಸರಿಮಾಡುವ ಶಕ್ತಿ ಇಬ್ಬರಲ್ಲೂ ಇಲ್ಲ. ಆದರೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಯಾರವಾ ಬಂದಾವ್ರು?" ಒಳಗಿಂದ ಸೀತವ್ವ ಕೇಳಿದಳು.

"ಸೂಜಿ ಪೋಣಸಾವ್ರು ಬಂದಾರ ಯವ್ವಾ."

ಸೀತವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕೌದಿಯನ್ನು ಮುಟ್ಟಿ, ಬೆರಳಿನಿಂದಲೇ ಹುಡುಕಿ ಗಂಡನ ಜೇಬು ಕಂಡುಹಿಡಿದಳು. ಸ್ವಲ್ಪ ಹೊತ್ತು ಅಲ್ಲೇ ಕೈಯಿಟ್ಟಳು.

"ಬಿಸಲಾಗ ಯಾಕ ನಿಂತಿ ಯಪ್ಪಾ, ಒಳಗ ಬಾ," ಎಂದಳು. ಸಾಹೇಬ್ರು ಹೋಗಿ ಯಪ್ಪಾ ಆದದ್ದು ಅವಳಿಗೇ ಗೊತ್ತಾಗಲಿಲ್ಲ. "ಗಂಟಿನ್ಯಾಗ ಏನ್ ತಂದಿ?"

"ಅವ್ವ ಕಟ್ಟಿ ಕೊಟ್ಟಾಳ್ರಿ. ಅಪ್ಪ ಹೊಲಕ್ಕ ಹೋದ ಮ್ಯಾಲೆ. ಅಳಕೋತನ ಮಾಡಿದ್ಲು." ಅವನು ಗಂಟು ಬಿಚ್ಚಿದ. "ಯಾರಿಗಂತ ಕೇಳಲಿಲ್ಲ, ಎಷ್ಟ ಮಂದಿ ಇದ್ದೀರಿ ಅಂತ ಅಷ್ಟ ಕೇಳಿದ್ಲು."

ಒಳಗೆ ಕಡಲೆಬೇಳೆ ಹೋಳಿಗೆ!

ಸಪ್ನಾ ಅಳುತ್ತಲೇ ನಕ್ಕಳು. ಕೌದಿಯನ್ನು ಅಪ್ಪನ ಕಾಲದ ಚಾಪೆಯ ಮೇಲೆ ಹಾಸಿದಳು. ಮಹಾದೇವ ಸೂಜಿ ತೆಗೆದುಕೊಂಡ. ಈ ಸಲ ಮೊದಲನೇ ಯತ್ನಕ್ಕೇ ದಾರ ಹೋಯಿತು. ಅವನು ಹೋಳಿಗೆ ಮುರಿದು ಸೀತವ್ವನಿಗೆ ಕೊಟ್ಟ, ಸಪ್ನಾಳಿಗೆ ಕೊಟ್ಟ, ತಾನೂ ತಿಂದ. ಕೊನೆಯ ಚೂರನ್ನು ಅವಳ ಅಂಗೈಯಲ್ಲಿಟ್ಟ.

ಅವಳು ಕೌದಿಯ ಹೊಟ್ಟೆಯ ಹತ್ತಿರ ಕೈ ಒಯ್ದು ತಡೆದಳು.

"ಒಳಗ ಒಣಾ ರೊಟ್ಟಿ ಐತ್ರಿ, ತರತೇನಿ. ಹೋಳಿಗಿ ಇಟ್ರ ಮತ್ತ ಇರವಿ ಬರತಾವ."

"ಬರಲಿ ಬಿಡ್ರಿ. ಇದನ್ನ ಹೊದ್ದುಕೊಳ್ಳಾವ್ರು ನಾವಿಬ್ಬರು. ದೂರು ಕೊಡಾವ್ರ ಯಾರು?"

"ನಾ ಕೊಡತೇನಿ."

"ಯಾರಿಗೆ?"

ಸಪ್ನಾ ಹೋಳಿಗೆಯ ಚೂರನ್ನು ಒಳಗಿಟ್ಟು ಮೊದಲ ಹೊಲಿಗೆ ಹಾಕಿದಳು.

"ಇನ್ಯಾರಿಗ್ರಿ... ನಿಮಗ."